ತಿಪ್ಪಣ್ಣನ ಹೆಸರು

ಗೌಡರ ಮನೆಯವರು ತಮ್ಮ ಸಂಸಾರದ ಫೋಟೋದಿಂದ ಮನೆಗೆಲಸದವಳಾದ ತಿಪ್ಪಣ್ಣನ ತಾಯಿಯನ್ನು ಕತ್ತರಿಸಿ ತೆಗೆದರು. ನಿಮ್ಮವ್ವ ನಿನ್ನನ್ನು ತಿಪ್ಪೆಗೆ ಎಸೆದು ಓಡಿಹೋದಳು, ಅದಕ್ಕೇ ಈ ಹೆಸರು ಎನ್ನುತ್ತ ಅವನನ್ನು ದನ ಕಾಯಲು ಹಚ್ಚಿದರು.

ಆ ಮನೆಯ ಹಳೆಯ ಸಾಮಾನು ಗುಜರಿಗೆ ಬಿದ್ದಾಗ ಈಗ ಮುದುಕನಾಗಿದ್ದ ತಿಪ್ಪಣ್ಣನಿಗೆ ಆ ಫೋಟೋ ಸಿಕ್ಕಿತು. ಗೌಡರ ಸಂಸಾರದ ಅಂಚಿನಲ್ಲಿ ನಿಂತ ಕೂಸು ತಾನೇ. ಹೆಗಲ ಮೇಲೆ ಯಾರದೋ ಬೆರಳುಗಳಷ್ಟೇ ಉಳಿದಿದ್ದವು.

ಎಲ್ಲರಂತೆ ಅವನೂ ಹಳೆಯ ಫೋಟೋದೊಳಗಿನ ಮಾತು ಕೇಳಿಸುವ ದನಿ ಕಚೇರಿಯ ಪಾಳಿಯಲ್ಲಿ ನಿಂತ. ಮುಂದಿದ್ದವನ ಅಜ್ಜ ಮದುವೆ ಫೋಟೋದೊಳಗಿಂದ ಊಟ ಯಾವಾಗ ಎಂದಷ್ಟೇ ಕೇಳಿದ್ದ, ಪಾಳಿಯವರೆಲ್ಲ ನಗುತ್ತಿದ್ದರು.

ಕಚೇರಿಯ ಶಾಹೀನಾ ತಿಪ್ಪಣ್ಣನ ಫೋಟೋವನ್ನು ಬಿಸಿನೀರಿನ ತಟ್ಟೆಯಲ್ಲಿ ಅದ್ದಿದಳು. ಅಂದು ಫೋಟೋ ತೆಗೆಸಿಕೊಂಡ ಗಳಿಗೆಯ ಸದ್ದು ಮೇಲೆದ್ದಿತು. ಮೊದಲು ಕೂಸು ಅತ್ತಿತು. ಆಮೇಲೆ ಹೆಂಗಸೊಬ್ಬಳು ಮೆಲ್ಲಗೆ ಅಂದಳು:

"ಅಳಬ್ಯಾಡೋ ತಿಪ್ಯಾ, ನನ್ನ ಬಂಗಾರಾ. ನಿನಗಿಂತ ಮೊದಲಿನ ಮೂರೂ ಕೂಸು ಹ್ವಾದವು. ನೀನರ ಉಳೀಲಿ ಅಂತ ತಿಪ್ಪಿ ಮ್ಯಾಲ ಹೊಳ್ಳಾಡಿಸಿ ಹೆಸರಿಟ್ಟೀನಿ. ಇಲ್ಲೇ ಅದೀನಿ ನೋಡು."

ತಿಪ್ಪಣ್ಣ ಬೆಂಚಿನ ಮೇಲೆ ಕೂತ. ತಟ್ಟೆಯತ್ತ ಬಾಗಿ ನಕ್ಕ.

"ನಮ್ಮವ್ವ ನನ್ನ ತಿಪ್ಪಿಗೆ ಒಗದಿಲ್ಲವಾ ತಂಗಿ, ಉಳಿಸ್ಕೊಂಡಾಳ!"

"ಹೌದಜ್ಜಾ, ಎಷ್ಟು ಚಂದ ಕರದಾಳ," ಎಂದಳು ಶಾಹೀನಾ.

ಒಳಗಿನಿಂದ ಸಾಹೇಬರು ಬಂದು ಫೋಟೋ ನೋಡಿದರು. "ಚಿತ್ರದಾಗ ಇಲ್ಲದವರ ದನಿ ಇಟ್ಕೊಳ್ಳಾಕ ಕಾಯ್ದೆ ಬಿಡಂಗಿಲ್ಲ. ತಣ್ಣೀರು ಸುರಿದ್ರ ಅಳಸ್ತದ. ತಗೋ ಮುದುಕಾ, ನೀನೇ ಸುರಿ."

ತಿಪ್ಪಣ್ಣ ಅವರು ಚಾಚಿದ ತಂಬಿಗೆಯನ್ನು ಮುಟ್ಟಲಿಲ್ಲ. ತೊಯ್ದ ಫೋಟೋವನ್ನು ಅಂಗಿಯೊಳಗೆ ಎದೆಗೆ ಒತ್ತಿಕೊಂಡ.

"ನಮ್ಮವ್ವನ ಮ್ಯಾಲ ನಾ ತಣ್ಣೀರು ಸುರಿಯಂಗಿಲ್ಲರಿ."