ಸರಾಸರಿ

ಪ್ರಶ್ನೆಪತ್ರಿಕೆಯ ಕಟ್ಟು ಹಿಡಿದು ಏಳನೇ ತರಗತಿಗೆ ಬಂದ ಲೆಕ್ಕದ ಮೇಡಂ ಬಾಗಿಲಲ್ಲೇ ನಿಂತುಬಿಟ್ಟರು. ಹಿಂದಿನ ಎರಡು ಬೆಂಚು ಖಾಲಿ. ತಪಾಸಣೆಗೆ ಬಂದ ಅಧಿಕಾರಿ ಈಗಷ್ಟೇ ತಲೆ ಎಣಿಸಿ ಹೆಡ್‌ಮಾಸ್ಟರ ಕೋಣೆಗೆ ಹೋಗಿದ್ದರು. ಆಗ ಎಲ್ಲರೂ ಇದ್ದರು.

"ಎಲ್ಲಿ ಹೋದ್ರು ಇವರೆಲ್ಲ?"

ಯಾರೂ ತಲೆ ಎತ್ತಲಿಲ್ಲ. ಎಲ್ಲರಿಗೂ ಗೊತ್ತಿದೆ ಎನ್ನುವುದು ಅದರಿಂದಲೇ ತಿಳಿಯಿತು.

ಇಷ್ಟು ಸಣ್ಣ ಊರಿಗೆ ಎರಡು ಸರ್ಕಾರಿ ಶಾಲೆ ಹೆಚ್ಚಾಯಿತು, ಒಂದನ್ನು ಮುಚ್ಚುತ್ತಾರೆ ಎಂಬ ಮಾತು ಕೆಲವು ದಿನಗಳಿಂದ ಓಡಾಡುತ್ತಿತ್ತು. ಮಕ್ಕಳ ಸಂಖ್ಯೆ, ಇವತ್ತಿನ ಪರೀಕ್ಷೆ ಬರೆದವರ ಸರಾಸರಿ ಅಂಕ, ಎರಡನ್ನೂ ಹೊಳೆಯಾಚೆಯ ಇನ್ನೊಂದು ಶಾಲೆಯ ಲೆಕ್ಕದ ಜೊತೆ ತೂಗಿ, ಕಡಿಮೆ ಬಂದದ್ದನ್ನು ಮುಚ್ಚುವವರಿದ್ದರು.

ಮಕ್ಕಳು ಸಿಕ್ಕಿದ್ದು ನೀರಿನ ತೊಟ್ಟಿಯ ಹಿಂದೆ. ಐದು ಜನ, ಕೋಳಿಮರಿಗಳ ಹಾಗೆ ಒತ್ತಿಕೊಂಡು ಕೂತಿದ್ದರು. ನಡುವೆ 'ಹೊಟ್ಟೆನೋವು'. ಲೆಕ್ಕದ ಪೀರಿಯಡ್ ಬಂದರೆ ಸಾಕು, ಹೊಟ್ಟೆ ಹಿಡಿದುಕೊಳ್ಳುವ ಹುಡುಗಿಗೆ ತರಗತಿ ಇಟ್ಟ ಹೆಸರು ಅದು.

"ಏಳಿ, ಪೇಪರ್ ಕೊಡೋ ಹೊತ್ತಾಯ್ತು."

"ಮೆಲ್ಲಗೆ ಮಿಸ್, ಸಾಹೇಬ್ರಿಗೆ ಕೇಳಿಸುತ್ತೆ," ಎಂದಳು ಅವಳು. "ತಲೆ ಎಣಿಸೋವಾಗ ಇದ್ವಲ್ಲ, ನಮ್ಮ ಕೆಲಸ ಮುಗೀತು. ಬರೆಯೋ ಕೆಲಸ ಒಳಗೆ ಕೂತಿರೋರದ್ದು."

"ಯಾರು ಹೇಳಿಕೊಟ್ಟಿದ್ದು ಇದನ್ನ? ಹೆಡ್‌ಮಾಸ್ಟರಾ?"

"ಯಾರೂ ಇಲ್ಲ. ನಾವೇ ಲೆಕ್ಕ ಹಾಕಿ ನೋಡಿದ್ವಿ."

ತೊಟ್ಟಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕಳೆದ ಪರೀಕ್ಷೆಯ ಅಂಕಗಳು, ಕೆಳಗೆ ಎರಡು ಸರಾಸರಿ. ಒಂದು ಇವರನ್ನು ಸೇರಿಸಿ, ಇನ್ನೊಂದು ಇವರನ್ನು ಬಿಟ್ಟು. ಮೇಡಂ ಅಭ್ಯಾಸಬಲದಿಂದ ತಪ್ಪು ಹುಡುಕಿದರು. ಕೂಡಿದ್ದು ಸರಿಯಿತ್ತು. ಭಾಗಿಸಿದ್ದೂ ಸರಿ. ದಶಮಾಂಶದ ಚುಕ್ಕಿ ಕೂಡ ಇರಬೇಕಾದ ಜಾಗದಲ್ಲೇ ಇತ್ತು. ಓರೆಯಾಗಿ ಜಾರುವ ಆ ಅಂಕಿಗಳು ಯಾರವೆಂದು ಕೇಳಬೇಕಿರಲಿಲ್ಲ. ತಾವು ವರ್ಷವೆಲ್ಲ ತಲೆ ಚಚ್ಚಿಕೊಂಡರೂ ಆ ಹುಡುಗಿಗೆ ಹತ್ತದಿದ್ದ ಲೆಕ್ಕ ಇದು. ಅವರು ಕಟ್ಟಿನಿಂದ ಒಂದು ಪ್ರಶ್ನೆಪತ್ರಿಕೆ ಎಳೆದು ಅವಳತ್ತ ಚಾಚಿದರು.

"ಇದನ್ನೇ ಒಳಗೆ ಬಂದು ಬರಿ, ಪುಟ್ಟಿ."

"ಒಳಗೆ ಬಂದ್ರೆ ಹೊಟ್ಟೆ ನೋಯುತ್ತೆ ಮಿಸ್." ಉಳಿದವರು ಕಿಸಕ್ಕೆಂದರು. ಅವಳು ನಗಲಿಲ್ಲ, ಗೋಡೆಯ ಎರಡನೇ ಸರಾಸರಿಯ ಮೇಲೆ ಬೆರಳಿಟ್ಟಳು. "ನೋಡಿ, ನಾವು ಇಲ್ದೇ ಇದ್ರೆ ನಮ್ಮ ಶಾಲೆ ಉಳಿಯುತ್ತೆ."

"ಏನ್ ಮೇಡಂ," ಜಗಲಿಯಿಂದ ಅಧಿಕಾರಿ ಕೂಗಿದರು, "ಅಲ್ಲಿ ಯಾರಾದ್ರೂ ಇದ್ದಾರಾ?"

ಮೇಡಂ ತಿರುಗಿದರು. ಅವರು ಬಾಯಿ ತೆರೆಯುವ ಮೊದಲೇ, ಬೆನ್ನ ಹಿಂದೆ ಅಂಗೈಯಿಂದ ಗೋಡೆ ಒರೆಸುವ ಸದ್ದು ಕೇಳಿಸಿತು.