ಏಳು ಸ್ಕ್ರೂ

ತೀರಿಹೋದ ಅಪ್ಪನ ಹಳೆಯ ಫಿಯೆಟ್ ಕಾರನ್ನು ಬಣ್ಣ ಹೊಡೆಸಲು ಅವಳು ರಿಪೇರಿ ಶೆಡ್ಡಿಗೆ ತಂದಿದ್ದಳು. ಬಣ್ಣಕ್ಕೆ ಮೊದಲು ಬಾಗಿಲ ಮೇಲಿನ ಕ್ರೋಮ್ ಪಟ್ಟಿಗಳನ್ನು ಬಿಚ್ಚಬೇಕಿತ್ತು. ಬಲಗಡೆಯದು ಕ್ಲಿಪ್ಪು ಬಿಟ್ಟು ಸಲೀಸಾಗಿ ಕೈಗೆ ಬಂತು. ಎಡಗಡೆಯದು ಅಲುಗಲಿಲ್ಲ.

“ಇದರಲ್ಲಿ ಕ್ಲಿಪ್ಪಿಲ್ಲಮ್ಮ. ಪಟ್ಟಿಗೇ ತೂತು ಕೊರೆದು ಸ್ಕ್ರೂ ಹಾಕಿದಾರೆ,” ಎಂದ ಮುದುಕ ಮೇಸ್ತ್ರಿ.

ಅವಳು ಬಗ್ಗಿ ನೋಡಿದಳು. ಏಳು ಸ್ಕ್ರೂ. ಒಂದೂ ನೆಟ್ಟಗಿಲ್ಲ. ಪ್ರತಿಯೊಂದರ ಸುತ್ತ ತುಕ್ಕು ಹಿಡಿದು ಬಾಗಿಲು ತಿಂದುಹೋಗಿತ್ತು.

“ಯಾವ ಕೈಲಾಗದೋನು ಮಾಡಿದ ಕೆಲಸ ಇದು? ನಿಮ್ಮ ಶೆಡ್ಡಲ್ಲೇ ತಾನೆ?”

“ಶೆಡ್ಡಲ್ಲೇ. ನಾನು ಮಾಡಿದ್ದಲ್ಲ.”

“ಕ್ಲಿಪ್ಪು ಹಾಕೋಕೆ ಏನು ರೋಗ ಬಂದಿತ್ತು ಅವನಿಗೆ?”

“ಕ್ಲಿಪ್ಪಿಗೆ ಎರಡು ಕೈ ಬೇಕಮ್ಮ. ಒಂದರಲ್ಲಿ ಪಟ್ಟಿ ಎತ್ತಿ ಹಿಡೀಬೇಕು, ಇನ್ನೊಂದರಲ್ಲಿ ಒತ್ತಬೇಕು.”

“ನನಗೆ ಪಾಠ ಹೇಳ್ಬೇಡಿ. ನಮ್ಮಪ್ಪ ದಿನಾ ಬೆಳಿಗ್ಗೆ ಮಗೂನ ಒರೆಸಿದ ಹಾಗೆ ಒರೆಸ್ತಿದ್ದ ಗಾಡಿ ಇದು. ಅದಕ್ಕೆ ತೂತು ಕೊರೆದಿದಾನಲ್ಲ, ಅವನ ಕೈ ಸೇದಿಹೋಗ. ಹೆಸರು ಹೇಳಿ, ಈಗಲೇ ಹೋಗಿ ಮುಖಕ್ಕೆ ಉಗಿದು ಬರ್ತೀನಿ.”

ಮೇಸ್ತ್ರಿ ಸ್ಕ್ರೂಡ್ರೈವರನ್ನು ಬಾನೆಟ್ಟಿನ ಮೇಲೆ ಕುಕ್ಕಿದ. ಅವನಿಗೂ ಸಿಟ್ಟು ಬಂದಿತ್ತು.

“ನಿಮ್ಮ ಮದುವೆ ಹಿಂದಿನ ದಿನ ಈ ಪಟ್ಟಿ ಕಿತ್ತುಬಂದಿತ್ತು. ನಾನು ಹಾಕಿಕೊಡ್ತೀನಿ ಅಂದ್ರೂ ಬಿಡಲಿಲ್ಲ. ಲಕ್ವ ಹೊಡೆದು ಸೇದಿಹೋಗಿದ್ದ ಎಡಗೈನ ತೊಡೆ ಮೇಲಿಟ್ಕೊಂಡು, ಏಳೂ ಸ್ಕ್ರೂನ ಬಲಗೈಯೊಂದರಲ್ಲೇ ಬಿಗಿದಿದ್ದು ನಿಮ್ಮ ತಂದೆ.”