ಮೈಲಾರಿಯ ಕಪ್ಪು

ಕೆಂಚವ್ವ ಕುರಿಯುಣ್ಣೆ ಹುರಿಯುತ್ತ ಆಕಳಿಸಿದಳು. ಗಿಡ, ಮಣ್ಣು, ಕಲ್ಲು ಯಾವುದೂ ಬಣ್ಣ ಕೊಡದೆ ಹೋದ ಮೇಲೆ ಊರಿಗೆ ಬೇಕಾದ ಕಪ್ಪೆಲ್ಲ ಅವಳ ಮುದಿ ಟಗರು ಮೈಲಾರಿಯ ಉಣ್ಣೆಯಿಂದಲೇ ಬರಬೇಕಿತ್ತು. ಹದವಾಗಿ ಹುರಿದು ಅರೆದ ಆ ಕಪ್ಪು, ಎಲ್ಲಿ ಹಚ್ಚಿದರೂ, ಟಗರಿನ ಉಸಿರಿರುವ ತನಕ ಮಾತ್ರ ಉಳಿಯುತ್ತಿತ್ತು. ಹಾಗಾಗಿ ಬಂದವರೆಲ್ಲ ಮೊದಲು ವಿಚಾರಿಸುತ್ತಿದ್ದದ್ದು ಮೈಲಾರಿಯ ಆರೋಗ್ಯವನ್ನೇ. ಅವಳ ಸೊಂಟನೋವನ್ನು ಯಾರೂ ಕೇಳಿದವರಲ್ಲ.

ಪಕ್ಕದ ಬೀದಿಯ ಹಾಲಮ್ಮ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಕೂಸಿನ ಕೆನ್ನೆಯ ಮೇಲಿನ ದೃಷ್ಟಿಬೊಟ್ಟೂ ಮೈಲಾರಿಯದೇ.

"ಟಗರು ಮೇವು ತಿಂತಾ ಐತೇನಕ್ಕಾ?"

"ಒಂದೀಟು ನೀರು ಕುಡ್ದು ಹಟ್ಟಿಯಾಗೆ ಮಲಗೈತೆ."

"ಚೆನ್ನಾಗಿ ನೋಡ್ಕೊಳಕ್ಕಾ. ನನ್ ತಂಗಿ ಮದುವೆ ಮುಗಿಯೋ ತನಕ ಆದ್ರೂ ಇರ್ಲಿ. ಹುಡುಗಿ ಕಾಡಿಗೆಗೆ ಬೇರೆ ಎಲ್ಲಿಗೆ ಹೋಗನ?"

ಕೆಂಚವ್ವ ಉಣ್ಣೆ ಕೆದಕುತ್ತಲೇ ಇದ್ದಳು. ಕೈ ನಿಲ್ಲಿಸಿದರೆ ಸೀದು ಬೂದಿಯಾಗುತ್ತದೆ. ಆದರೆ ನೋಡನೋಡುತ್ತಲೇ ಬಾಣಲೆಯೊಳಗಿನ ಕಪ್ಪು ಬಿಳಿಚಿಕೊಂಡಿತು.

"ಅಯ್ಯೋ, ಉರಿ ಜಾಸ್ತಿ ಆತು! ಸೌದೆ ಎಳೀ ಅಕ್ಕಾ!"

ಅಭ್ಯಾಸಬಲದಿಂದ ಕೆಂಚವ್ವ ಸೌದೆ ಹಿಂದಕ್ಕೆಳೆದಳು. ಆಮೇಲೆ ತಲೆಯೆತ್ತಿ ಕೂಸಿನ ಮುಖ ನೋಡಿದಳು. ಕೆನ್ನೆಯ ಮೇಲೆ ಬೊಟ್ಟಿರಲಿಲ್ಲ.

ಅವಳ ನೋಟ ಹಿಡಿದು ಹಾಲಮ್ಮನೂ ಕೂಸಿನ ಕೆನ್ನೆ ಸವರಿ ನೋಡಿದಳು. ಇಬ್ಬರೂ ಹಟ್ಟಿಯ ಕಡೆ ತಿರುಗಿದರು. ಅಲ್ಲಿಂದ ಗಂಟೆಯ ಸದ್ದಿಲ್ಲ, ಕೆಮ್ಮಿಲ್ಲ. ಕೆಂಚವ್ವ ಸೊಂಟ ಹಿಡಿದುಕೊಂಡು ನಿಧಾನಕ್ಕೆ ಎದ್ದಳು.

ಹಾಲಮ್ಮ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

"ಅದರ ಮರಿ ಯಾವ್ದಾದ್ರೂ ಉಳಿದೈತೇನಕ್ಕಾ?"

ಕೆಂಚವ್ವ ಬಾಣಲೆಯನ್ನು ಬೋರಲು ಹಾಕಿದಳು.